ವಾಲ್ನಟ್ ಕ್ರೀಕಿನಲ್ಲಿ ಸಿಕ್ಕ ತ್ರೀ-ನಾಟ್-ತ್ರೀ

೧೯೮೬ರ ಆಗಸ್ಟ್ ತಿಂಗಳು. ನನ್ನ ಮಾವ ಚೆಲುವರಾಜು ಹಾಸನದಿಂದ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದರು. ಅರವತ್ತೆರಡರ ಚೀನಾ ಯುದ್ಧದಲ್ಲಿ ಹವಾಲ್ದಾರರಾಗಿದ್ದವರು. ಹಳೇ ಬ್ರಿಟಿಷ್ ರೈಫಲುಗಳನ್ನು ನೋಡಿ ಖುಷಿಪಡಲಿ ಎಂದು ಒಂದು ಮಧ್ಯಾಹ್ನ ಅವರನ್ನು ವಾಲ್ನಟ್ ಕ್ರೀಕಿನ ಮಿಲಿಟರಿ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ. ಹೊರಗೆ ಡಾಂಬರು ಕರಗುವಂಥ ಬಿಸಿಲು.

ಮಾವ ಒಂದು ತ್ರೀ-ನಾಟ್-ತ್ರೀ ರೈಫಲನ್ನು ಎತ್ತಿಕೊಂಡರು. ಅದರ ನಂಬರು ಓದಿದ್ದೇ ಮುಖ ಬಿಳಿಚಿಕೊಂಡಿತು.

“ರಮೇಶಪ್ಪ, ಇದು ನಂದೇ. ಮುನಿಸ್ವಾಮಿ ಕೈಗೆ ಕೊಟ್ಟು ಬಂದಿದ್ದೆ.”

ಹಿಮದಲ್ಲಿ ಹಿಂದೆ ಸರಿಯುವಾಗ, ಕಾಲಿಗೆ ಗುಂಡು ತಗುಲಿ ನಡೆಯಲಾರದೆ ಕೂತಿದ್ದ ಗೆಳೆಯನಿಗೆ ರೈಫಲು ಕೊಟ್ಟು, ವಾಪಸ್ ಬರುತ್ತೇನೆ ಎಂದು ಹೇಳಿದ್ದರಂತೆ. ಹೋಗಲಾಗಲಿಲ್ಲ. ಮುನಿಸ್ವಾಮಿಯ ದೇಹವೂ ಸಿಗಲಿಲ್ಲ.

“ಎಷ್ಟು ತಣ್ಣಗಿದೆ ನೋಡಪ್ಪ,” ಎಂದರು. ನಾನು ನಳಿಗೆ ಮುಟ್ಟಿದೆ. ಬೆಚ್ಚಗಿತ್ತು. ಆದರೆ ಮಾವನ ಉಸಿರು ಹಬೆಯಾಗಿ ಹೊರಬರುತ್ತಿತ್ತು.

“ಕೆಳಗಿಡಿ ಮಾವ!”

“ಬಿಡ್ತಾ ಇಲ್ಲ ಕಣಪ್ಪ, ಆ ಕಡೆಯಿಂದ ಹಿಡ್ಕಂಡವ್ನೆ!” ಎಂದು ಚೀರಿದರು.

ಅಂಗಡಿಯವನೂ ನಾನೂ ಸೇರಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆವು. ಚರ್ಮ ಕಬ್ಬಿಣಕ್ಕೇ ಅಂಟಿಕೊಂಡು ಉಳಿಯಿತು.

ನನ್ನ ಹೆಂಡತಿ ಡಾಕ್ಟರು. ಮನೆಯಲ್ಲಿ ಅಪ್ಪನ ಕೈಯನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದಳು.

“ಇದು ಫ್ರಾಸ್ಟ್‌ಬೈಟು ರೀ. ಐಸಲ್ಲಿ ಒಂದು ರಾತ್ರಿಯಾದ್ರೂ ಇದ್ದಿರ್ಬೇಕು. ಅಪ್ಪನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ?”

ನಾವು ಮನೆ ಬಿಟ್ಟು ಒಂದೂವರೆ ಗಂಟೆಯಾಗಿತ್ತು ಅಷ್ಟೆ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಮಾವನ ಬಲಗೈಯ ಎರಡು ಬೆರಳು ತೆಗೆದರು.