ನಾಡಿ ಮೂವತ್ತಾರು

ಬೈಕು ಸಂತೆಯೊಳಗೇ ನುಗ್ಗಿತು!

ಟೊಮೇಟೊ ಬುಟ್ಟಿ ಎಗರಿ ಬಿತ್ತು. ಹೆಂಗಸರು ಕಿರುಚಿದರು. ಬೈಕಿನ ಹಿಂದೆ ಕೂತವನ ಕೈಯಲ್ಲಿ ಪಿಸ್ತೂಲು... ಅದರ ಮೂತಿ ನನ್ನ ಕಡೆಗೆ.

ನಾನು ಓಡಿದೆ.

ಓಡಿದೆ ಅಂದ್ರೆ... ಕಾಲು ಓಡಿತು. ಎದೆ ಓಡಲಿಲ್ಲ!

ನಿಮಗಿದು ತಿಳಿಯಲ್ಲ ಬಿಡಿ. ನೀವು ಓಡಿದ್ರೆ ನಿಮ್ಮ ಎದೆಯೂ ಡವಡವ ಅಂತ ಜತೆಗೆ ಓಡಿ ಬರುತ್ತೆ. ನನ್ನದು ಹಾಗಲ್ಲ. ಊರಿಗೇ ಬೆಂಕಿ ಬಿದ್ದರೂ ಅದು ಸರ್ಕಾರಿ ಗುಮಾಸ್ತನ ಹಾಗೆ ತನ್ನ ಪಾಡಿಗೆ ತಾನು. ದಿನಾ ನುಂಗೋ ಮಾತ್ರೆ ಅದನ್ನ ಹಾಗೆ ಪಳಗಿಸಿ ಇಟ್ಟಿದೆ.

ನಾನು ಚಾಕೊ ಸೀಮೆಯವಳು. ಅಲ್ಲಿ ಮಣ್ಣಿನ ಗೋಡೆಯ ಬಿರುಕಲ್ಲಿ ತಿಗಣೆ ಜಾತಿಯ ಹುಳ ಇರುತ್ತೆ, ವಿಂಚುಕ ಅಂತ. ಮಲಗಿದ್ದಾಗ ಕಚ್ಚುತ್ತೆ, ಅದರ ರೋಗ ವರ್ಷಗಟ್ಟಲೆ ಮೈಯೊಳಗೆ ಅಡಗಿದ್ದು ಆಮೇಲೆ ಎದೆಗೆ ಇಳಿಯುತ್ತೆ. ನನಗೆ ಕಚ್ಚಿದ್ದು ಲಂಗ ಹಾಕೋ ವಯಸ್ಸಿನಲ್ಲಿ. ಎದೆ ಕೆಟ್ಟಿದ್ದು ನಲವತ್ತು ದಾಟಿದ ಮೇಲೆ! ಒಮ್ಮೆ ನಾಗಾಲೋಟ, ಒಮ್ಮೆ ಗಕ್ಕನೆ ನಿಂತು ಯೋಚನೆ... ಆ ಹುಚ್ಚು ಕುಣಿತ ನಿಲ್ಲಿಸೋಕೆ ಈ ಮಾತ್ರೆ. ಇದನ್ನ ನುಂಗಿ ಬಿಸಿಲಿಗೆ ಹೋದ್ರೆ ಮುಖ ಬೂದಿ ಬಣ್ಣಕ್ಕೆ ತಿರುಗುತ್ತೆ. ನಾಡಿ ನಿಮಿಷಕ್ಕೆ ಐವತ್ತು. ಅದೇ ನನ್ನ ಹದ. ಬೆಳಿಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಮಣಿಕಟ್ಟು ಹಿಡಿದು ಎಣಿಸ್ತೀನಿ.

ಎರಡು ವಾರದಿಂದ ಆ ಐವತ್ತು ಇಳೀತಾ ಬಂದಿತ್ತು. ನಲವತ್ತೈದು... ಆಮೇಲೆ ನಲವತ್ತು.

ಮೀನಿನ ಸಾಲು ದಾಟೋ ಹೊತ್ತಿಗೆ ಕಣ್ಣು ಕತ್ತಲಿಟ್ಟಿತು. ತಿರುಗಿ ನೋಡಿದೆ. ಬೈಕು ಹತ್ತೇ ಮಾರು ದೂರದಲ್ಲಿ ನಿಂತಿತ್ತು. ಅವನು ಗುರಿ ಇಟ್ಟ...

ಹಾರಿಸಲಿಲ್ಲ!

ಸುಮ್ಮನೆ ನೋಡ್ತಾ ನಿಂತ. ನಾನು ಬಾಳೆಹಣ್ಣಿನ ಗೊನೆಗಳ ಮಧ್ಯೆ ಕುಸಿದು ಬಿದ್ದೆ.

"ಮೂವತ್ತಾರು!"

ಹಾಗಂದವರು ಡಾಕ್ಟರ್ ಒಕಾಂಪೋಸ್. ನನ್ನ ಎದೆ ನೋಡೋ ಡಾಕ್ಟರಮ್ಮ. ನಾನು ಆಸ್ಪತ್ರೆ ಮಂಚದ ಮೇಲಿದ್ದೆ, ಮೈತುಂಬಾ ತಂತಿ.

"ಮಾತ್ರೆ ಎರಡೆರಡು ನುಂಗ್ತಿದೀಯಾ, ಪೆತ್ರೋನಾ?"

"ನನಗೇನು ತಲೆ ಕೆಟ್ಟಿದೆಯಾ?"

"ಹಾಗಾದ್ರೆ ನಿನ್ನ ರಕ್ತದಲ್ಲಿ ಅಷ್ಟೊಂದು ಔಷಧಿ ಎಲ್ಲಿಂದ ಬಂತು?"

ನಾನು ಸೂರು ನೋಡಿದೆ. ಎಲ್ಲಿಂದ ಅನ್ನೋದಲ್ಲ ಪ್ರಶ್ನೆ. ಯಾರಿಂದ?

ನನ್ನ ಕಸುಬು ಹೇಳಿಬಿಡ್ತೀನಿ. ಕಳುವಾದ ಸರಕು ಹುಡುಕಿಕೊಡ್ತೀನಿ. ಅಸುನ್ಸಿಯೋನ್ ಪಟ್ಟಣದ ವ್ಯಾಪಾರಿಗಳು ಪೊಲೀಸರಿಗಿಂತ ಮುಂಚೆ ಈ ಪೆತ್ರೋನಾ ಅಯಾಲಾಳ ಬಾಗಿಲು ಬಡೀತಾರೆ. ಲಾರಿಗೆ ಲಾರಿನೇ ನುಂಗಿ ನೀರು ಕುಡಿಯೋ ವಾಲ್ದೋವಿನೋಸ್ ಅಂತ ಒಬ್ಬ ಇದಾನೆ. ಅವನು ನದಿ ದಂಡೆಯಲ್ಲಿ ಕದ್ದ ಮಾಲು ಇಳಿಸ್ತಿದ್ದಾಗ ನಾನು ಕಣ್ಣಾರೆ ಕಂಡೆ. ಸೋಮವಾರ ಕೋರ್ಟಲ್ಲಿ ಅವನ ಕಡೆ ಬೆರಳು ತೋರಿಸಬೇಕು. ನನ್ನ ಬಿಟ್ರೆ ಬೇರೆ ಸಾಕ್ಷಿ ಇಲ್ಲ.

ನನಗೆ ಗುಂಡು ಹೊಕ್ಕರೆ ಅದು ಕೊಲೆ. ಓಡಿ ಓಡಿ ಸತ್ರೆ? ಪಾಪ, ಹೃದಯದ ಕಾಯಿಲೆ ಇತ್ತು ಅಂತಾರೆ!

ಆ ಬೈಕಿನವನು ನನ್ನನ್ನ ಕೊಲ್ಲೋಕೆ ಬಂದಿರಲಿಲ್ಲ. ಓಡಿಸೋಕೆ ಬಂದಿದ್ದ. ಹಾಗಾದ್ರೆ ಯಾರೋ ನನ್ನ ನಾಡಿ ಕೆಳಗಿಳಿಸ್ತಿದಾರೆ. ನನ್ನ ಹತ್ತಿರದವರೇ... ನನ್ನ ಕಾಯಿಲೆ ಗೊತ್ತಿರೋರೇ.

ಮೊದಲು ಮಾತ್ರೆ ಮೇಲೆ ಅನುಮಾನ ಬಂತು. ಡಾಕ್ಟರ್ ಪರೀಕ್ಷೆ ಮಾಡಿಸಿದ್ರು. ಮಾತ್ರೆ ಸರಿಯಾಗಿತ್ತು.

ಆಮೇಲೆ ದೇವೊಲಿಂದಾ ಮೇಲೆ.

ದೇವೊಲಿಂದಾ ನನ್ನ ಸತ್ತ ಅಣ್ಣನ ಹೆಂಡತಿ. ನನ್ನ ಜತೆಗೇ ಇದಾಳೆ, ನನಗೆ ಅಡಿಗೆ ಮಾಡಿ ಹಾಕ್ತಾಳೆ. ಅವತ್ತು ಸಂಜೆ ಜೋಳದ ಉಂಡೆ ಹಾಕಿದ ಕೋಳಿಸಾರು ತಂದ್ಲು. ನಾನು ಚಮಚ ಮುಟ್ಟಲಿಲ್ಲ.

"ತಿನ್ನೇ, ಆರಿಹೋಗುತ್ತೆ."

"ನೀನು ಮೊದಲು ತಿನ್ನು."

ಅವಳಿಗೆ ಅರ್ಥವಾಗೋಕೆ ಒಂದು ಗಳಿಗೆ ಬೇಕಾಯ್ತು. ಆಮೇಲೆ ನೋಡಬೇಕಿತ್ತು ಮುಖ! ಚಮಚ ಕಿತ್ತುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಬಟ್ಟಲು ಪೂರ್ತಿ ಬಳಿದು ತಿಂದ್ಲು. ತಿಂತಾ ಅಳ್ತಿದ್ಲು.

"ಸತ್ನಾ? ನೋಡು, ಸತ್ನಾ? ನಿನ್ನ ಹೊಲಸು ಬಟ್ಟೆ ಒಗೆದ ಕೈ ಇದು! ಹಾಳಾಗಿ ಹೋಗು, ಹಸ್ಕೊಂಡೇ ಬಿದ್ದಿರು!"

ಬಾಗಿಲು ಧಡಾರ್ ಅಂತು. ನನಗೆ ನನ್ನ ಮೇಲೇ ಹೇಸಿಗೆ ಆಯ್ತು. ಹೊಟ್ಟೆಯೂ ಚುರುಗುಟ್ಟಿತು.

ನಿಕಾಸಿಯೊ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಇಪ್ಪತ್ತು ವರ್ಷದ ಪಾಲುದಾರ. ಹಳೇ ಪೊಲೀಸು. ದಪ್ಪ ಮೀಸೆ, ಅದಕ್ಕಿಂತ ದಪ್ಪ ನಗು. ಹೋದ ವರ್ಷ ನನ್ನ ಎದೆ ಮೊದಲ ಸಲ ಕೈಕೊಟ್ಟಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತಂದವನು.

"ಏನಮ್ಮಾ ಮುದುಕಿ, ಸಂತೇಲಿ ಓಟದ ಪಂದ್ಯನಾ?" ಅಂತಲೇ ಒಳಗೆ ಬಂದ.

"ಗೆದ್ದಿದ್ರೆ ನಿನಗೂ ಬಾಳೆಹಣ್ಣು ತರ್ತಿದ್ದೆ."

ನಕ್ಕ. ನನ್ನ ಹೊದಿಕೆ ಸರಿಮಾಡಿದ. ಇವನನ್ನ ಅನುಮಾನಿಸೋದಾ? ಮೇಲಾಗಿ ಇವನು ನನ್ನ ಬಾಯಿಗೆ ಕೊಡೋದೇನು? ಆಫೀಸಲ್ಲಿ ದಿನಾ ಕುಡಿಯೋ ತೆರೆರೆ, ಅಷ್ಟೇ. ಕೊಂಬಿನ ಬಟ್ಟಲು ಒಂದೇ. ಹೀರೋ ಕೊಳವೆ ಒಂದೇ. ಎಲೆಪುಡಿ ಮೇಲೆ ತಣ್ಣಗಿನದು ಸುರಿದು ಒಬ್ಬರಾದ ಮೇಲೆ ಒಬ್ಬರು ಹೀರೋದು. ಅದೂ ಸುರಿದು ಕೊಡೋನೇ ಮೊದಲು ಕುಡೀಬೇಕು, ರೂಢಿ ಹಾಗೆ. ಅದಕ್ಕೆ ವಿಷ ಹಾಕೋ ದಡ್ಡ ತಾನೇ ಮೊದಲು ಮಣ್ಣು ಸೇರ್ತಾನೆ.

ಹಾಗಂತ ಲೆಕ್ಕ ಹಾಕಿದ್ದೆ ನಾನು.

ಮಾರನೇ ದಿನ ಡಾಕ್ಟರ್ ಮಂಚದ ಅಂಚಿಗೆ ಕೂತ್ರು.

"ಏನು ತಿಂತೀಯಾ ಅಂತ ಕೇಳಿ ಸಾಕಾಯ್ತು. ಏನು ಕುಡೀತೀಯಾ?"

"ಎಲ್ಲರೂ ಕುಡಿಯೋದೇ. ತೆರೆರೆ."

"ನೀರಲ್ಲಾ?"

"ಈ ಸುಡು ಬೇಸಿಗೆಗೆ ನೀರು ಯಾರಿಗೆ ಬೇಕು? ಚಕ್ಕೋತದ ರಸದಲ್ಲಿ. ನಿಕಾಸಿಯೊ ಅವನ ಅಮ್ಮನ ಹಿತ್ತಲಿಂದ ಮೂಟೆ ಮೂಟೆ ತಂದು ಹಿಂಡ್ತಾನೆ. ಎರಡು ವಾರದಿಂದ ದಿನಾ."

ಡಾಕ್ಟರ್ ಎದ್ದು ನಿಂತ್ರು.

"ಚಕ್ಕೋತನಾ? ಅಯ್ಯೋ ನಿನ್ನ! ಅದು ಹೊಟ್ಟೆಗೆ ಹೋದ್ರೆ ಈ ಮಾತ್ರೆ ಕರಗಿ ಹೋಗಲ್ಲ, ಮೈಯಲ್ಲೇ ಗುಡ್ಡೆ ಬೀಳುತ್ತೆ. ಒಂದು ನುಂಗಿದ್ರೆ ಎರಡು ನುಂಗಿದ ಹಾಗೆ! ಊರಿಗೆಲ್ಲಾ ಅದು ಹಣ್ಣು, ನಿನಗೆ ವಿಷ! ಹೋದ ವರ್ಷ ಮಾತ್ರೆ ಶುರು ಮಾಡಿದ ದಿನವೇ ಹೇಳಿದ್ದೆ."

"ನನಗೆ ಹೇಳಿಲ್ಲ."

"ನಿನಗೆಲ್ಲಿ ಎಚ್ಚರ ಇತ್ತು? ನಿನ್ನ ಜತೆಗಿದ್ದವರಿಗೆ ಹೇಳಿದೆ. ಮರೆತುಹೋಗಬಾರದು ಅಂತ ಎರಡು ಸಲ ಕೇಳಿಸಿಕೊಂಡ್ರಲ್ಲಾ... ಆ ದಪ್ಪ ಮೀಸೆಯವರು."

ಬೇರೆ ಯಾರಾದ್ರೂ ಆಗಿದ್ರೆ ಎದೆ ಧಸಕ್ ಅಂತಿತ್ತು. ನನ್ನದು ಅದಕ್ಕೂ ಒಪ್ಪಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು.

ಮರೆತಿರಬಹುದು. ಮನುಷ್ಯ ಅಲ್ವಾ, ಮರೀತಾನೆ. ಹಾಗೇ ಆಗಿರಲಿ ಅಂತ ಬೇಡಿಕೊಂಡೆ. ಆದರೂ ಆ ಬೈಕಿಗೆ ಹೇಳಿಕೊಟ್ಟವರು ಯಾರು?

ಶನಿವಾರ ಮಧ್ಯಾಹ್ನ ಬಿಟ್ಟು ಕಳಿಸಿದ್ರು. ಮಾತ್ರೆ ಅರ್ಧಕ್ಕೆ ಇಳಿಸಿದ್ರು. ನಾಡಿ ನಲವತ್ನಾಲ್ಕು. "ಮೆಟ್ಟಿಲು ಹತ್ತಿದ್ರೆ ಜೋಕೆ!" ಅಂದ್ರು. ಚಕ್ಕೋತದ ವಿಚಾರ ಬರೆದು ಸರ್ಕಾರಿ ವಕೀಲರಿಗೆ ಕಳಿಸಿ ಅಂತ ಅವರಿಗೆ ಹೇಳಿ, ನೇರ ಆಫೀಸಿಗೆ ಹೋದೆ.

ಐದು ಅಂತಸ್ತಿನ ಹಳೇ ಕಟ್ಟಡ. ನಮ್ಮದು ನೆಲದ ಅಂತಸ್ತಿನ ಮೊದಲ ಕೋಣೆ. ಊಟದ ನಂತರದ ನಿದ್ದೆಯ ಹೊತ್ತು, ಕಟ್ಟಡದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಿಕಾಸಿಯೊ ಒಬ್ಬನೇ ಕೂತಿದ್ದ. ಮುಂದೆ ಜಗ್ಗು ತುಂಬಾ ರಸ.

"ಬಾರೇ ಮಹಾರಾಣಿ! ಡಾಕ್ಟರ್ ಏನಂದ್ರು?"

ಕೂತೆ. ಆಸ್ಪತ್ರೆಯಲ್ಲೇ ಕಟ್ಟಿಕೊಂಡ ಸುಳ್ಳು ಹೊರಗೆ ಬಿಟ್ಟೆ.

"ಚಕ್ಕೋತ ತುಂಬಾ ಒಳ್ಳೇದಂತೆ ಕಣೋ. ನನ್ನ ಎದೆಗೆ ಅದೇ ಮದ್ದಂತೆ. ಇನ್ನೂ ಜಾಸ್ತಿ ಕುಡಿ ಅಂದ್ರು."

ಈಗ ಕಿರುಚಬೇಕಿತ್ತು ಅವನು. ಯಾವ ಬೇಕೂಫ ಡಾಕ್ಟರ್ ಹಾಗಂದಿದ್ದು? ಅವತ್ತು ನನಗೇ ಬೇಡ ಅಂದಿದ್ರಲ್ಲಾ! ಅಯ್ಯೋ ಮರೆತೇಬಿಟ್ಟೆನಲ್ಲೇ... ಅಂತ ಎದೆ ಎದೆ ಬಡ್ಕೋಬೇಕಿತ್ತು.

ಕಿರುಚೋ ನಿಕಾಸಿಯೊ... ನಿನ್ನ ಕಾಲಿಗೆ ಬೀಳ್ತೀನಿ, ಕಿರುಚೋ!

ಅವನು ಮುಗುಳ್ನಕ್ಕ.

"ನಾನು ಹೇಳಿರಲಿಲ್ವಾ? ತಗೋ, ಕುಡಿ."

ಬಟ್ಟಲು ಮುಂದೆ ಚಾಚಿದ. ನನ್ನ ಕೈ ಏಳಲಿಲ್ಲ. ಇಪ್ಪತ್ತು ವರ್ಷ ಗೂಂಡಾಗಳ ಮುಂದೆ ಕಲ್ಲಿನ ಹಾಗೆ ಕೂತ ಹೆಂಗಸು ನಾನು, ಅವತ್ತು ನನ್ನ ಕೆನ್ನೆ ಮೇಲೆ ಒಂದು ಹನಿ ಇಳಿಯಿತು. ಅವನು ಅದನ್ನ ನೋಡಿದ.

ಬಟ್ಟಲು ಕೆಳಗಿಟ್ಟ. ಡ್ರಾಯರ್ ಎಳೆದ. ಪಿಸ್ತೂಲು ಹೊರಗೆ ಬಂತು.

"ಗೊತ್ತಾಗಿದೆ ನಿನಗೆ."

"ಯಾಕೋ?"

"ವಾಲ್ದೋವಿನೋಸನಿಗೆ ಲಾರಿಗಳ ದಾರಿ ಹೇಳ್ತಿದ್ದವನು ನಾನೇ. ಅವನು ಒಳಗೆ ಹೋದ್ರೆ ನನ್ನನ್ನೂ ಎಳ್ಕೊಂಡೇ ಹೋಗ್ತಾನೆ. ಈ ವಯಸ್ಸಲ್ಲಿ ಜೈಲು ನನ್ನ ಕೈಲಾಗಲ್ಲ ಪೆತ್ರೋನಾ. ಫೋನ್ ಇಲ್ಲಿ ಕೊಡು. ಏಳು. ಮೇಲಕ್ಕೆ ನಡಿ."

"ಮೇಲಕ್ಕಾ?"

"ಐದೂ ಅಂತಸ್ತು. ಓಡ್ತಾ."

"ಗುಂಡು ಹಾರಿಸೋ, ಧೈರ್ಯ ಇದ್ರೆ!"

"ಗುಂಡಿಗೆ ಲೆಕ್ಕ ಕೊಡಬೇಕು. ಮೆಟ್ಟಿಲಿಗೆ ಯಾರು ಲೆಕ್ಕ ಕೇಳ್ತಾರೆ?"

"ಹತ್ತಲ್ಲ ಅಂದ್ರೆ?"

"ದೇವೊಲಿಂದಾ ಮನೇಲಿ ಒಬ್ಬಳೇ ಇದಾಳೆ. ಬೈಕು ನಿಮ್ಮನೆ ಗೇಟಿನ ಮುಂದೇ ನಿಂತಿದೆ."

ಎದ್ದೆ. ಹೆಗಲಿಗೆ ನೇತುಹಾಕಿದ್ದ ಉಕ್ಕಿನ ಥರ್ಮಾಸ್ ತೆಗೀಲಿಲ್ಲ. ಅವನೂ ತೆಗಿ ಅನ್ನಲಿಲ್ಲ. ನಮ್ಮೂರಲ್ಲಿ ಥರ್ಮಾಸ್ ಇಲ್ಲದ ಹೆಗಲೇ ಇಲ್ಲ, ಅದು ಯಾರ ಕಣ್ಣಿಗೂ ಬೀಳಲ್ಲ.

ಮೊದಲನೇ ಅಂತಸ್ತು. ಬೆನ್ನಿಗೆ ಪಿಸ್ತೂಲು.

"ಬೇಗ!"

ಎರಡನೇ ಅಂತಸ್ತು. ಕಾಲು ರಕ್ತ ಕೇಳ್ತಿದೆ, ಎದೆ ಕೊಡ್ತಿಲ್ಲ. ಕಿವಿಯಲ್ಲಿ ಗುಂಯ್ ಅಂತ ಸದ್ದು.

"ಬೇಗ ಅಂದ್ನಲ್ಲಾ!"

ಮೂರನೇ ಅಂತಸ್ತಿನ ತಿರುವಲ್ಲಿ ಬಿದ್ದೆ. ಅರ್ಧ ನಾಟಕ, ಅರ್ಧ ನಿಜ... ಯಾವ ಅರ್ಧ ಯಾವುದು ಅಂತ ನನಗೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದೆ. ಉಸಿರು ಹಿಡಿದೆ.

ಮೊಣಕಾಲೂರಿ ಕೂತ ಸದ್ದು ಕೇಳಿಸಿತು. ಪಿಸ್ತೂಲು ನೆಲಕ್ಕೆ ಇಟ್ಟ ಸದ್ದು. ಕುತ್ತಿಗೆಗೆ ಎರಡು ಬೆರಳು.

"ಕ್ಷಮಿಸೇ..." ಅಂದ. ದನಿ ನಡುಗ್ತಿತ್ತು. ಕಳ್ಳ ನನ್ಮಗ, ನಿಜವಾಗ್ಲೂ ಅಳ್ತಿದ್ದ!

ಒಂದು ಬಡಿತ ಸಿಕ್ಕಿತು ಅವನಿಗೆ. ನನ್ನ ನಾಡಿ ನಿಧಾನ, ಇನ್ನೊಂದು ಸಿಗೋಕೆ ಕಾಯಬೇಕು. ಉಸಿರು ಬಿಗಿಹಿಡಿದು, ಬಗ್ಗಿ, ಕಾಯ್ತಾ ಕೂತ.

ಥರ್ಮಾಸ್ ಬೀಸಿದೆ!

ದವಡೆಗೆ ಬಿತ್ತು. ಹಿಂದಕ್ಕೆ ಉರುಳಿದ. ಒಂದೊಂದೇ ಮೆಟ್ಟಿಲು ಲೆಕ್ಕ ಹಾಕ್ತಾ ಕೆಳಗಿನ ತಿರುವಿಗೆ ಹೋಗಿ ಬಿದ್ದ. ಕಾಲು ಲಟಕ್ ಅಂದಿದ್ದು ನನಗಿಲ್ಲಿ ಕೇಳಿಸಿತು. ಪಿಸ್ತೂಲು ನನ್ನ ಕೈಗೆ ಬಂತು.

"ಬೈಕಿಗೆ ಫೋನ್ ಮಾಡು. ವಾಪಸ್ ಹೋಗು ಅನ್ನು. ಆಮೇಲೆ ಪೊಲೀಸಿಗೆ, ಆಂಬುಲೆನ್ಸಿಗೆ."

ನರಳ್ತಾ ಮಾಡಿದ. ನಾನು ಗೋಡೆಗೆ ಒರಗಿದೆ. ಏಳೋಕೆ ಹೋದೆ... ಆಗಲಿಲ್ಲ. ಕೈ ತಣ್ಣಗಾಗ್ತಿತ್ತು. ತುಟಿ ಮರಗಟ್ಟಿತ್ತು.

"ನಿಕಾಸಿಯೊ... ಡಾಕ್ಟರ್ ಚಕ್ಕೋತದ ಕತೆ ಸರ್ಕಾರಿ ವಕೀಲರಿಗೆ ಬರೆದು ಕಳಿಸಿದಾರೆ. ಇನ್ನು ನಾನು ಸತ್ರೆ ಅದು ಕಾಯಿಲೆ ಅಲ್ಲ ಕಣೋ. ಕೊಲೆ. ನೀನು ಮಾಡಿದ್ದು!"

ಅವನ ಮುಖ ಬಿಳಿಚಿತು.

"ಮಲಗಬೇಡ! ಪೆತ್ರೋನಾ, ಕಣ್ಣು ಮುಚ್ಚಬೇಡ! ಕೆಮ್ಮು! ಮಾತಾಡ್ತಾ ಇರೇ!"

ಸೋಮವಾರ ಗಾಲಿಕುರ್ಚಿಯಲ್ಲಿ ಕೂತೇ ಕೋರ್ಟಿಗೆ ಹೋದೆ. ವಾಲ್ದೋವಿನೋಸನ ಕಡೆ ಬೆರಳು ತೋರಿಸಿದೆ. ದೇವೊಲಿಂದಾ ಇನ್ನೂ ಮಾತು ಬಿಟ್ಟಿದಾಳೆ, ಊಟ ಮಾತ್ರ ತಟ್ಟೆ ಕುಕ್ಕಿ ಹಾಕ್ತಾಳೆ. ಅದೆಲ್ಲಾ ಹೋಗಲಿ ಬಿಡಿ. ನಾನು ಹೇಳಬೇಕಿದ್ದಿದ್ದು ಆ ಮೆಟ್ಟಿಲಿನ ಮಾತು.

ಅವತ್ತು ನಿಕಾಸಿಯೊ ಮುರಿದ ಕಾಲು ಎಳೆದುಕೊಂಡು, ತೆವಳಿ ತೆವಳಿ ಮೇಲೆ ಬಂದ. ನನ್ನ ಎರಡೂ ಕಾಲು ಎತ್ತಿ ತನ್ನ ತೊಡೆ ಮೇಲಿಟ್ಟುಕೊಂಡ. ಆಂಬುಲೆನ್ಸ್ ಬರೋವರೆಗೂ ನನ್ನ ಅಂಗೈ ಉಜ್ತಾ, ಕಾಕುಪೆ ಇಗರ್ಜಿಯ ಮಾತೆಗೆ ಬರಿಗಾಲಲ್ಲಿ ನಡೆದು ಬರ್ತೀನಿ ಅಂತ ಹರಕೆ ಹೊತ್ತ.

ನಾನು ಬದುಕಲಿ ಅಂತ ಅಷ್ಟು ಮನಸಾರೆ ಬೇಡಿಕೊಂಡವರು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ!