ಬಾತುಕೋಳಿಗೆ ದನಿ ಕೊಟ್ಟವಳು

ತೊಂಬತ್ತೆಂಟರ ಡಿಸೆಂಬರಿನಲ್ಲಿ ದಾವಣಗೆರೆಯ ನಮ್ಮ ಟಾಕೀಸಿಗೆ ಒಂದು ಇಂಗ್ಲಿಷ್ ಗೊಂಬೆ ಸಿನಿಮಾ ಬಂತು. ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಬಟ್ಟೆಯ ಹೋತ ಗಿಟಾರು ಬಾರಿಸುತ್ತದೆ, ಬಟ್ಟೆಯ ಬಾತುಕೋಳಿ ಸೊಂಟ ತಿರುಗಿಸಿ ಹಾಡುತ್ತದೆ. ಮೊದಲ ದಿನ ಮಕ್ಕಳಿಗೆ ಒಂದು ಮಾತೂ ತಿಳಿಯದೆ ಅರ್ಧಕ್ಕೇ ಗದ್ದಲ ಎದ್ದಿತು.

ಮ್ಯಾನೇಜರ್ ಮಸ್ತಾನಸಾಬ್ ನನಗೆ ಹೇಳಿಕಳಿಸಿದರು. ನಾನು ಆನೆಕೊಂಡದ ಮಾರಣ್ಣನ ಮಗ ಅಂಜನ್ ಕುಮಾರ್. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ನಾಟಕಗಳಲ್ಲಿ ಹಾಸ್ಯದ ಪಾತ್ರ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಆಡಿ ತೋರಿಸುತ್ತಿದ್ದೆ.

"ಕ್ಯಾಬಿನ್ನಾಗ ಮೈಕ್ ಇಡ್ತೀನಿ. ಪಿಚ್ಚರ್ ಸೌಂಡ್ ಇಳಿಸ್ತೀನಿ," ಎಂದರು. "ಹೋತಕ್ಕೆ ನೀನು ಕನ್ನಡದಾಗ ಮಾತಾಡು. ಬಾತುಕೋಳಿಗೆ ಎಸ್.ಎಸ್. ಬಡಾವಣೆಯಿಂದ ಒಬ್ರು ಟೀಚರ್ ಬರ್ತಾರೆ."

ಬಂದವಳು ನಯನಾ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮಗೆ ಇಂಗ್ಲಿಷ್ ಬರ್ತೈತೇನ್ರಿ?"

"ಹೋತಕ್ಕೆ ಯಾಕ ಬೇಕ್ರಿ ಇಂಗ್ಲಿಷು. ಬಾತುಕೋಳಿಗೆ ಬಂದ್ರೆ ಸಾಕು."

ಅವಳಿಗೆ ನಗು ಬಂತು. ನುಂಗಿಕೊಂಡಳು. ಮೈಕಿಗೆ ಸದ್ದು ಬೀಳಬಾರದೆಂದು ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿ ಕರ್ಚೀಫು ಬಿಗಿದಳು. ಪ್ರೊಜೆಕ್ಟರಿನ ಸಂದಿಯಿಂದ ಸೋರುವ ಬೆಳಕು ಅವಳ ಒಂದು ಕೆನ್ನೆಯ ಮೇಲೆ ಮಾತ್ರ ಬೀಳುತ್ತಿತ್ತು. ನಾನು ಪರದೆ ನೋಡುವುದನ್ನು ಮರೆತು ಹೋತ ಮೂಕವಾದಾಗ ಮಸ್ತಾನಸಾಬ್ ನನ್ನ ತಲೆಗೊಂದು ಬಿಟ್ಟರು.

ಇದ್ದದ್ದು ಒಂದೇ ಮೈಕು. ಅವಳಿಂದ ನಾನು, ನನ್ನಿಂದ ಅವಳು ಕಸಿದುಕೊಳ್ಳಬೇಕು. ಮೂರನೇ ದಿನಕ್ಕೆ ಸಿನಿಮಾದ ಮಾತು ಬಿಟ್ಟು ನಮ್ಮದೇ ಮಾತು ಶುರುವಾಗಿತ್ತು.

"ಬಾತವ್ವ, ನಿನ್ನ ಕಣ್ಣು ನೋಡಿ ಕಾಲು ಜಾರ್ತು," ಎಂದು ಹೋತ ಬಿದ್ದಾಗ ನಾನು.

"ಕಣ್ಣು ನಂದು, ಕಾಲು ನಿಂದು. ನಾನೇನು ಮಾಡ್ಲಿ ಗಡ್ಡಪ್ಪ?" ಎಂದು ಅವಳು.

ಮಕ್ಕಳು ಬೆಂಚು ಬಡಿದು ನಗುತ್ತಿದ್ದರು. ಅವಳು ತುಟಿ ಕಚ್ಚಿಕೊಂಡು ನನ್ನ ಕಡೆ ನೋಡುತ್ತಿದ್ದಳು. ಆ ನೋಟಕ್ಕಾಗಿ ನಾನು ಭಟ್ಟಿಗೆ ಹೋಗುವುದನ್ನೇ ಬಿಟ್ಟೆ.

ಎರಡನೇ ವಾರ, ಮುಂದೆ ಸಿನಿಮಾ ಹೋಗಲಿದ್ದ ಹರಿಹರದ ಟಾಕೀಸು ನೋಡಿಬರುವ ನೆಪದಲ್ಲಿ ಇಬ್ಬರೂ ಬಸ್ ಹತ್ತಿದೆವು. ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಅವಳು ನನ್ನ ಕಿರುಬೆರಳು ಹಿಡಿದುಕೊಂಡಳು.

"ಅಪ್ಪಗೆ ನಾನೇ ಹೇಳ್ತೀನಿ. ಸ್ವಲ್ಪ ಟೈಮ್ ಕೊಡು."

ಅವಳ ಅಪ್ಪ ಪರಮೇಶ್ವರಪ್ಪನವರದು ಬಟ್ಟೆ ಅಂಗಡಿ. ಅವರ ಮನೆಗೂ ನಮ್ಮ ಮನೆಗೂ ಹೆಣ್ಣು ಕೊಟ್ಟು ತಂದ ರೂಢಿಯಿರಲಿಲ್ಲ.

"ಎಷ್ಟು ಟೈಮು?"

"ಯುಗಾದಿ ಮುಗೀಲಿ."

"ಅಲ್ಲೀತನಕ ಯಾಕ? ನಾಳೆ ಬಂದು ನಾನೇ ಕೇಳ್ತೀನಿ."

"ನಿನಗೆ ಎಲ್ಲಾ ಇವತ್ತೇ ಆಗಬೇಕು," ಎಂದು ಬೆರಳು ತಿರುಚಿದಳು. ನೋವಾಯಿತು. ಹಿತವಾಗಿತ್ತು.

ಮೂರನೇ ಭಾನುವಾರ ಅವಳು ಕ್ಯಾಬಿನ್ನಿಗೆ ಬರಲಿಲ್ಲ. ಎರಡೂ ದನಿ ನೀನೇ ಮಾಡಬೇಕಂತೆ ಎಂದರು ಮಸ್ತಾನಸಾಬ್. ಕಿಂಡಿಯಿಂದ ಇಣುಕಿದೆ. ಬಾಲ್ಕನಿಯ ಎರಡನೇ ಸಾಲಿನಲ್ಲಿ ಪರಮೇಶ್ವರಪ್ಪ, ಅವರ ಹೆಂಡತಿ ಕಸ್ತೂರಮ್ಮ, ನಡುವೆ ರೇಷ್ಮೆ ಸೀರೆ ಉಟ್ಟ ನಯನಾ. ಹಿಂದಿನ ಸಾಲಿನಲ್ಲಿ ಇಸ್ತ್ರಿ ಶರ್ಟಿನ ಒಬ್ಬ ಯುವಕ, ಮೂವರು ಹಿರಿಯರು. ಆ ಸಾಲಿನ ಯಾರೂ ಪರದೆ ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದರು.

"ಹೆಣ್ಣು ನೋಡಾಕೆ ಬಂದಾರೆ," ಎಂದರು ಮಸ್ತಾನಸಾಬ್. "ಟಾಕೀಸ್ನಾಗ ನೋಡೋದು ಅವರ ಕಡೆ ರೂಢಿ. ನೀನು ಸುಮ್ನೆ ನಿನ್ನ ಕೆಲಸ ಮಾಡು."

ನನ್ನ ತಲೆ ಕಾದು ಬಾಣಲೆಯಾಯಿತು. ನಯನಾ ನನಗೊಂದು ಮಾತೂ ಹೇಳಿರಲಿಲ್ಲ. ಮೈಕು ಬಾಯಿಗೆ ಹಿಡಿದೆ. ಬಾತುಕೋಳಿ ಬಾಯಿ ತೆರೆದಾಗ ನಯನಾಳ ದನಿಯನ್ನೇ ಹೊರಡಿಸಿದೆ, ಒಂದೆಳೆಯೂ ತಪ್ಪದಂತೆ.

"ಗಡ್ಡಪ್ಪ, ಹರಿಹರದ ಹೊಳೆ ಮೆಟ್ಟಿಲ ಮ್ಯಾಲೆ ನಿನ್ನ ಬೆರಳು ಹಿಡಕೊಂಡಿದ್ದೆನಲ್ಲ, ಮರ್ತುಬಿಡು. ಇವತ್ತು ರೇಷ್ಮೆ ಸೀರೆ ಉಟ್ಟು ಇನ್ನೊಂದು ಹೋತಕ್ಕೆ ಬೆನ್ನು ತೋರಿಸ್ಕೊಂಡು ಕೂತೀನಿ."

ಹೋತದ ದನಿಗೆ ಬದಲಿಸಿದೆ. "ಹಿಂದಿನ ಸಾಲಿನವರೇ, ಬೆನ್ನು ಚಂದ ಐತೇನ್ರಿ? ನಾನು ಮೊದ್ಲೇ ನೋಡೀನಿ."

ಅದು ಸುಳ್ಳು. ಬೆರಳು ಬಿಟ್ಟರೆ ನಾನು ಅವಳನ್ನು ಮುಟ್ಟಿಯೇ ಇರಲಿಲ್ಲ.

ಜನ ನಕ್ಕರು. ಅವಳ ತರಗತಿಯ ಪುಟ್ಟ ಹುಡುಗಿಯೊಬ್ಬಳು ಕೆಳಗೆ ಎದ್ದು ನಿಂತು, "ನಯನಾ ಟೀಚರ್ ದನಿ, ನಯನಾ ಟೀಚರ್ ದನಿ," ಎಂದು ಬಾಲ್ಕನಿಗೆ ಕೈ ತೋರಿಸಿದಳು. ನೂರಾರು ತಲೆಗಳು ತಿರುಗಿದವು. ಅಲ್ಲಿಗೆ ನಿಲ್ಲಿಸಬಹುದಿತ್ತು. ಜನ ನಗುತ್ತಿದ್ದರು, ನಾನು ಮುಂದುವರಿಸಿದೆ. ಮಸ್ತಾನಸಾಬ್ ಬಂದು ವಯರು ಕೀಳುವವರೆಗೂ ಬಿಡಲಿಲ್ಲ.

ಹಿಂದಿನ ಸಾಲು ಇಂಟರ್ವಲ್ಲಿಗೆ ಖಾಲಿಯಾಯಿತು. ಪರಮೇಶ್ವರಪ್ಪ ಏಳಲಿಲ್ಲ. ಎದ್ದರೆ ಆ ಮಾತೆಲ್ಲ ತಮ್ಮ ಮಗಳದೇ ಎಂದು ಒಪ್ಪಿದಂತೆ. ಕೊನೆಯವರೆಗೂ ಮೂವರೂ ಬಟ್ಟೆಯ ಗೊಂಬೆಗಳನ್ನು ನೋಡುತ್ತ ಕೂತರು. ಗಂಡು ಓಡಿದ, ನಾನು ಗೆದ್ದೆ ಎಂದುಕೊಂಡೆ ನಾನು.

ಶುಕ್ರವಾರ ಸಿನಿಮಾ ಹರಿಹರಕ್ಕೆ ಹೋಯಿತು. ಅವಳು ಬರುತ್ತಾಳೆಂದು ನಾನು ತಿಳಿದಿರಲಿಲ್ಲ. ಬಂದಳು. ಕಸ್ತೂರಮ್ಮ ಕ್ಯಾಬಿನ್ನಿನ ಹೊರಗೆ ಬೆಂಚಿನ ಮೇಲೆ ಕೂತರು, ನನ್ನ ಕಡೆ ನೋಡಲಿಲ್ಲ.

"ಬಾತುಕೋಳಿ ದನಿ ಮಾಡ್ತೀನಂತ ಇಲ್ಲಿನ ಶಾಲೆ ಮಕ್ಕಳಿಗೆ ಮಾತು ಕೊಟ್ಟಿದ್ದೆ. ಅದಕ್ಕ ಬಂದೆ," ಎಂದಳು. "ನಮ್ಮ ಶಾಲೆಯವರು ನನ್ನ ಕೆಲಸದಿಂದ ತೆಗೆದ್ರು."

"ತಪ್ಪಾತು ನಯನಾ. ಆದ್ರೆ ಅವನಂತೂ ಹೋದ್ನಲ್ಲ. ಇನ್ನು ನಾವು..."

"ಅವನು ಹೋಗೋನೇ ಇದ್ದ. ಬ್ಯಾಡ ಅನ್ನಾಕೇ ನಾನು ಕೂತಿದ್ದೆ."

ನನಗೆ ತಿಳಿಯಲಿಲ್ಲ.

"ಮನೀಗೆ ಬಂದು ತಿಂದು ಕುಡಿದು ಹೋದಮ್ಯಾಲೆ ಬ್ಯಾಡ ಅಂದ್ರೆ ಎರಡೂ ಕಡೆ ಅವಮಾನ. ಅದಕ್ಕ ಟಾಕೀಸ್ನಾಗ ನೋಡೋದು. ಬ್ಯಾಡ ಅಂದ್ರೂ ಯಾರಿಗೂ ಗೊತ್ತಾಗಂಗಿಲ್ಲ. 'ಒಂದ್ಸಲ ಕೂಡವ್ವ, ಒಪ್ಪಿಗೆ ಆಗ್ಲಿಲ್ಲಾಂದ್ರೆ ಹೇಳು, ಆಮ್ಯಾಲೆ ನಿನ್ನ ಮನಸ್ಸಿನಾಗ ಯಾರದಾರೋ ಕೇಳ್ತೀನಿ' ಅಂದಿದ್ರು ಅಪ್ಪ. ಅವತ್ತು ಸಂಜೆ ನಿಮ್ಮ ಹೆಸರು ಹೇಳೋಳಿದ್ದೆ."

"ನಿಮ್ಮ" ಎಂದಳು.

"ನನಗೆ ಮೊದ್ಲೇ ಹೇಳಬಾರದಿತ್ತಾ?"

"ಹೇಳಿದ್ರೆ ಎರಡು ತಾಸು ಸುಮ್ನಿರ್ತಿದ್ರಾ?"

ಇರುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ಈಗ ಇನ್ನೊಂದು ಸಂಬಂಧ ಬಂದೈತಿ, ಹಡಗಲಿ ಕಡೆಯವರು. ಹೆಂಡ್ತಿ ತೀರಿಕೊಂಡಾರೆ, ಇಬ್ಬರು ಮಕ್ಕಳು. ಏನೂ ಕೇಳದೆ ಒಪ್ಪಿದ್ರು. ನಾನೂ ಒಪ್ಪಿದೆ."

"ಹಠಕ್ಕೆ ಬಾಳು ಹಾಳು ಮಾಡ್ಕೋಬ್ಯಾಡ. ನಾನು ಬಂದು ನಿಮ್ಮ ಅಪ್ಪನ ಕಾಲಿಗೆ ಬೀಳ್ತೀನಿ."

"ಅಪ್ಪ ಬೈದಿಲ್ಲ, ಹೊಡೆದಿಲ್ಲ. ಅವತ್ತಿಂದ ನನ್ನ ಜೋಡಿ ಮಾತೇ ಆಡಿಲ್ಲ." ಮೊದಲ ಸಲ ನನ್ನ ಮುಖ ನೋಡಿದಳು. "ನನ್ನ ಬಾಯಾಗ ನಿಮ್ಮ ಮಾತು ತುರುಕಿದ್ರಿ. ಅಂಥವರ ಜೋಡಿ ಹೆಂಗೆ ಬಾಳೋದು?"

ಬೆಲ್ಲು ಹೊಡೆಯಿತು. ಅವಳು ಮೈಕಿನ ಮುಂದೆ ಕೂತಳು. ಮಕ್ಕಳಿಗೆ ಏನೂ ಕಡಿಮೆ ಮಾಡಲಿಲ್ಲ. ಹಾಡಿದಳು, ಕೊಂಕು ನುಡಿದಳು, ಗಡ್ಡಪ್ಪನನ್ನು ಬೈದಳು. ಪಕ್ಕದಲ್ಲಿ ಕೂತ ನಾನೇ ಸಾಲು ತಪ್ಪುತ್ತಿದ್ದೆ.

ಕೊನೆಯಲ್ಲಿ ಹೋತ ಮುಂಗಾಲು ಮಡಿಸಿ ಬಾತುಕೋಳಿಯನ್ನು ಬೇಡುತ್ತದೆ. ಮೈಕು ಎಳೆದುಕೊಂಡೆ. ನಾಟಕದ ದನಿ ಬಿಟ್ಟು ನನ್ನ ದನಿಯಲ್ಲೇ ಕೇಳಿದೆ.

"ಬಾತವ್ವ, ನಾನು ಕೆಟ್ಟವ. ಆದ್ರೂ ನನ್ನ ಮದುವೆ ಆಗ್ತೀಯಾ?"

ಅವಳು ಮೈಕು ತೆಗೆದುಕೊಂಡಳು. ಅದೇ ಬಾತುಕೋಳಿಯ ದನಿ, ಒಳಗೆ ಅದೇ ನಗು.

"ಇಲ್ಲ ಗಡ್ಡಪ್ಪ. ನೀನು ಚಲೋ ನಗಿಸ್ತೀಯ. ಅಷ್ಟೇ."

ಪರದೆಯ ಮೇಲೆ ಬಾತುಕೋಳಿ ರೆಕ್ಕೆ ಬಡಿದು ಹಾರಿ ಹೋತದ ಕೊರಳಿಗೆ ಜೋತುಬಿತ್ತು. ಮೇಲಿಂದ ಹೂವು ಸುರಿದವು. ಮಕ್ಕಳು ಗೊಂದಲಗೊಂಡು ನಕ್ಕರು. ನಾನು ತಿರುಗಿ ನೋಡುವಷ್ಟರಲ್ಲಿ ತಾಯಿ ಮಗಳು ಮೆಟ್ಟಿಲು ಇಳಿಯುತ್ತಿದ್ದರು.

ಮಧ್ಯಾಹ್ನ ಎರಡೂವರೆಯ ಆಟಕ್ಕೆ ಎರಡೂ ದನಿ ನಾನೇ ಮಾಡಬೇಕಾಯಿತು. ಮದುವೆಯ ಸೀನು ಬಂತು. ಹೋತ ಕೇಳಿತು. ಬಾತುಕೋಳಿ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಏನಂತು, ಬಾತುಕೋಳಿ ಏನಂತು?" ಎಂದು ಮಕ್ಕಳು ಕೂಗಿದರು.

ಮೈಕು ನನ್ನ ಕೈಯಲ್ಲೇ ಇತ್ತು. ನಾನು ಮಾತಾಡಲಿಲ್ಲ.