ಹಿಟ್ಟು ಉಬ್ಬುವ ಹೊತ್ತು

"ನಾಳೆ ಆ ಪರೀಕ್ಷೆಗೆ ಹೋದ್ಯೋ, ಮತ್ತೆ ಈ ಮನೆ ಮೆಟ್ಟಿಲು ಹತ್ತಬೇಡ!"

ಸೊಸೆ ಕಣ್ಣೊರೆಸಿಕೊಂಡು ಬೇಕರಿಗೆ ಹೊರಟುಹೋದಳು. ಅತ್ತೆಗೆ ಅಷ್ಟಕ್ಕೇ ಸಮಾಧಾನವಾದೀತೇ? ಮೂವತ್ತು ದಾಟಿದವಳಿಗೆ ಹತ್ತನೇ ತರಗತಿಯ ಹುಚ್ಚು ಹತ್ತಿಸಿದ ಬೇಕರಿ ಯಜಮಾನಿಯನ್ನೇ ತರಾಟೆಗೆ ತೆಗೆದುಕೊಳ್ಳಬೇಕೆಂದು, ನೋಯುವ ಸೊಂಟ ಹಿಡಿದುಕೊಂಡೇ ಬಿರಬಿರನೆ ಹಿಂದೆ ನಡೆದರು. ಅದೇ ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಸವೆದ ಸೊಂಟ ಅದು! ಒಳಗೊಳಗೇ ಒಂದು ಹೆದರಿಕೆಯೂ ಇತ್ತೆನ್ನಿ... ನಾಲ್ಕಕ್ಷರ ಕಲಿತವಳು ಹೆಬ್ಬೆಟ್ಟಿನ ಅತ್ತೆಯನ್ನು ಲೆಕ್ಕಕ್ಕಿಟ್ಟಾಳೇ?

ಒಳಗೆ ಕಾಲಿಟ್ಟರೆ ಯಂತ್ರದ ಸದ್ದೇ ಇಲ್ಲ. ಹಿಟ್ಟು ಒದ್ದೆ ಬಟ್ಟೆ ಹೊದ್ದು ಉಬ್ಬುತ್ತಿದೆ. ಅತ್ತೆಯ ಕಾಲದಲ್ಲಿ ಅದು ತಟ್ಟೆ ಉಜ್ಜುವ ಹೊತ್ತು. ಈಗ ನೋಡಿದರೆ, ವ್ಯಾನ್ ಓಡಿಸುವವನು ಎಂಜಿನ್ ರಿಪೇರಿ ಪುಸ್ತಕದಲ್ಲಿ ಮುಳುಗಿದ್ದಾನೆ. ಕೇಕ್ ಮಾಡುವ ಅಜ್ಜಿ ಮೊಮ್ಮಗಳಿಗೆ ಹೇಳಲೆಂದು ಕಥೆಯೊಂದನ್ನು ತಡವರಿಸಿ ಓದುತ್ತಿದ್ದಾರೆ. ಅತ್ತೆಯ ಜೊತೆ ದುಡಿದ, ಭಟ್ಟಿ ನೋಡಿಕೊಳ್ಳುವ ತಾತನಂತೂ ಸೊಸೆಯ ಪಕ್ಕ ನಿಂತು, ಮೇಜಿನ ಮೇಲೆ ಹರಡಿದ ಒಣಹಿಟ್ಟಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಾರೆ!

"ಏನಮ್ಮಾ ಇದು, ಬೇಕರಿಯೋ ಮಕ್ಕಳ ಶಾಲೆಯೋ?"

"ಎರಡೂ," ಯಜಮಾನಿ ನಕ್ಕರು. "ಹಿಟ್ಟು ಉಬ್ಬೋವರೆಗೆ ಪಾಠ. ಆ ಹೊತ್ತಿಗೂ ಸಂಬಳ ಉಂಟು. ನಾಳೆ ನಿಮ್ಮ ಸೊಸೆಗೆ ಪರೀಕ್ಷೆ ರಜೆ. ಅವಳ ಬದಲು ನಾದೋಕೆ ಯಾರೂ ಸಿಕ್ಕಿಲ್ಲ, ನಾನೇ ಕೈ ಹಾಕ್ತೀನಿ."

ಅತ್ತೆ ಮೇಜಿನ ಹತ್ತಿರ ಬಂದರು. ಚೆಲ್ಲಿದ ಹಿಟ್ಟು ಕಂಡರೆ ಸುಮ್ಮನಿರುವ ಕೈಯೇ ಅದು? ಅಂಗೈ ತಾನಾಗಿ ಮೇಜನ್ನು ಒಂದೇ ಬೀಸಿಗೆ ಬಳಿದುಬಿಟ್ಟಿತು.

"ಅಯ್ಯೋ ಅಕ್ಕಾ!" ತಾತ ಕೂಗಿದರು. "ನಿಮ್ಮ ಹೆಸರನ್ನೇ ಅಳಿಸಿಬಿಟ್ರಲ್ಲ!"

"ನನ್ನ... ಹೆಸರಾ?"

"ಹ್ಞೂಂ ಮತ್ತೆ! ನನ್ನ ಹೆಸರು ಕಲಿತಾಯ್ತು, ಇನ್ನು ಅಕ್ಕನದು ಕಲಿಸು ಅಂತ ನಿಮ್ಮ ಸೊಸೆ ಬೆನ್ನು ಹತ್ತಿದ್ದೆ. ಒಂದೇ ಭಟ್ಟಿಲಿ ಕೈ ಸುಟ್ಕೊಂಡವರಲ್ವೇ ನಾವು?"

ಅತ್ತೆ ಬಿಳಿಯಾದ ಅಂಗೈಯನ್ನೇ ನೋಡುತ್ತಾ ನಿಂತರು. ಆಯುಷ್ಯವೆಲ್ಲ ಮುಟ್ಟಿದ ಹಿಟ್ಟು... ಅದರೊಳಗೆ ತನ್ನ ಹೆಸರೂ ಇತ್ತೇ!

"ಇನ್ನೊಂದ್ಸಲ ಬರಿಯೇ," ಎಂದರು ಸೊಸೆಗೆ.

ಸೊಸೆ ಹಿಟ್ಟು ಹರಡಿ, ಬೆರಳಿನಿಂದ ಮೆಲ್ಲಗೆ ಬರೆದಳು. ಅತ್ತೆ ಉಸಿರು ಬಿಗಿಹಿಡಿದು ಬಾಗಿದರು, ಉಸಿರು ತಾಕಿದರೆ ಹಾರಿಹೋದೀತೆಂಬಂತೆ.

"ಇಷ್ಟು ಚೆಂದ ಇದ್ಯಾ..."

ಆಮೇಲೆ ಮೊಳೆಗೆ ತೂಗುಹಾಕಿದ್ದ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. "ನಾಳೆ ಇವಳ ಹಿಟ್ಟು ನಾನು ನಾದ್ತೀನಿ."

"ಅತ್ತೆ, ನಿಮ್ಮ ಸೊಂಟ!"

"ಸೊಂಟ ನನ್ನದು ಕಣೇ, ಪರೀಕ್ಷೆ ನಿನ್ನದು. ಮುಗಿಸಿ ಸೀದಾ ಇಲ್ಲಿಗೇ ಬಾ, ಒಟ್ಟಿಗೆ ಮನೆಗೆ ಹೋಗೋಣ. ಅಲ್ಲೀವರೆಗೆ..." ಅತ್ತೆ ತನ್ನ ಹೆಸರಿದ್ದ ಮೇಜಿಗೆ ಅಡ್ಡ ನಿಂತು ಎಲ್ಲರನ್ನೂ ದುರುಗುಟ್ಟಿ ನೋಡಿದರು. "ಈ ಹಿಟ್ಟನ್ನ ಯಾರೂ ಮುಟ್ಟಕೂಡದು!"